ಹೆಸರು ಕಳಚಿಕೊಂಡ ಹಾಡು, ಚಿತ್ರಗಳು

ಖಾನಾಪುರ ತಾಲ್ಲೂಕಿನ ಹಲಸಿಯ ಭೂವರಾಹ ನರಸಿಂಹ ಗುಡಿ ಗೋವೆಯ ಕದಂಬರ ಕಾಲದ್ದು. ಅದರ ಶಿಲ್ಪದ ಮೇಲೆ ಇಂದು ಯಾರ ಕೃತಿಸ್ವಾಮ್ಯವೂ ಇಲ್ಲ. ಆದರೆ ಹದವಾದ ಬೆಳಕಿಗಾಗಿ ಕಾದು ಒಬ್ಬರು ತೆಗೆದ ಆ ಗುಡಿಯ ಫೋಟೊ ಅವರದೇ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೊ ತೆಗೆದವರು ಅದರ ಕರ್ತೃ. ಅವರ ಜೀವಿತಾವಧಿಯುದ್ದಕ್ಕೂ, ತೀರಿಕೊಂಡ ಮರುವರ್ಷದಿಂದ 60 ವರ್ಷವೂ ಹಕ್ಕು ಊರ್ಜಿತವಾಗಿರುತ್ತದೆ. ಇದಕ್ಕೆ ನೋಂದಣಿ ಬೇಕಿಲ್ಲ. ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊಗಳ ಲೆಕ್ಕ ಮಾತ್ರ ಬೇರೆ: ಬೇರೆ ಕರಾರು ಇಲ್ಲದಿದ್ದರೆ ಅವುಗಳ ಹಕ್ಕು ತೆಗೆಸಿದವರಿಗೆ ಸೇರುತ್ತದೆ.

ಮಳೆಗಾಲ ಬಂತೆಂದರೆ ಖಾನಾಪುರದ ಕಾಡು, ಜಲಪಾತ, ಭೀಮಗಡದ ಹಸಿರು ಬೆಳಗಾವಿಯ ಮೊಬೈಲುಗಳಲ್ಲೆಲ್ಲ ಹರಿದಾಡುತ್ತವೆ. ಕ್ಯಾಮೆರಾದಿಂದ ಬಂದ ಮೂಲ ಫೈಲಿನೊಳಗೆ ಚಿತ್ರ ತೆಗೆದ ದಿನ, ವೇಳೆ, ಲೆನ್ಸಿನ ವಿವರ, ಕೆಲವೊಮ್ಮೆ ತೆಗೆದವರ ಹೆಸರೂ ಅಡಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ಫೋಟೊ ಎಂದೇ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಈ ವಿವರವೂ ಅಳಿಸಿಹೋಗುತ್ತದೆ. ಕೊನೆಗೆ ಉಳಿಯುವುದು ಮೂಲೆಯಲ್ಲಿನ ಸಣ್ಣ ವಾಟರ್‌ಮಾರ್ಕ್. ಅದನ್ನೂ ಕತ್ತರಿಸಿ, ಅದೇ ಮೂಲೆಯಲ್ಲಿ ತಮ್ಮ ಪೇಜಿನ ಲೋಗೊ ಕೂರಿಸುವವರಿದ್ದಾರೆ. ಫೈಲಿನೊಳಗಿನ ಹೆಸರು ಹೋದದ್ದು ಆ್ಯಪ್‌ನಿಂದಾಗಿ. ವಾಟರ್‌ಮಾರ್ಕ್ ಹೋದದ್ದು ಒಬ್ಬರು ಬೇಕೆಂದೇ ಮಾಡಿದ್ದರಿಂದ. ಯಾರದೆಂದು ಗೊತ್ತಿರಲಿಲ್ಲ ಎಂಬ ಸಬೂಬು ಅಲ್ಲಿ ನಡೆಯದು.

ಪುಕ್ಕಟೆ ಸಿಗುವ ಚಿತ್ರಗಳ ವಿಷಯದಲ್ಲೂ ಇದೇ ಕತೆ. ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಬಹಳಷ್ಟು ಚಿತ್ರಗಳನ್ನು ವ್ಯಾಪಾರಕ್ಕೂ ಬಳಸಬಹುದು; ತೆಗೆದವರ ಹೆಸರನ್ನೂ ಲೈಸೆನ್ಸನ್ನೂ ನಮೂದಿಸಬೇಕು ಎಂಬುದು ಮುಖ್ಯ ಷರತ್ತು. ಒಂದು ಸಾಲು ಬರೆದರೆ ಮುಗಿಯುವ ಈ ಕೆಲಸವನ್ನೂ ಮಾಡದವರಿಗೆ ಅನುಮತಿ ಕೇಳಲು ವ್ಯವಧಾನವಿರಲಿಲ್ಲ ಎಂದರೆ ನಂಬುವುದು ಕಷ್ಟ.

ಹಾಡಿನ ವಿಷಯ ಇನ್ನಷ್ಟು ತೊಡಕಿನದು. ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ ಬೆಳೆದ ನೆಲ ಇದು. ಇಲ್ಲಿನ ಮಟ್ಟುಗಳು ಬಾಯಿಂದ ಬಾಯಿಗೆ ದಾಟಿ ಬಂದವು. ಎರವಲು ಪಡೆಯದ ಹಾಡುಗಾರನಿಲ್ಲ. ಇಂದು ಯೂಟ್ಯೂಬ್‌ನಲ್ಲಿ ‘ಜಾನಪದ’ ಎಂಬ ಹಣೆಪಟ್ಟಿ ಹೊತ್ತು ಬರುವ ಉತ್ತರ ಕರ್ನಾಟಕದ ಹಾಡುಗಳ ಸಂಗತಿ ಹಾಗಲ್ಲ. ಸಾಹಿತ್ಯ ಬರೆದವರು ಕಣ್ಣೆದುರಿಗೇ ಇದ್ದಾರೆ; ಟ್ರ್ಯಾಕ್ ಮಾಡಿದವರಿಗೆ, ಸ್ಟುಡಿಯೊಕ್ಕೆ, ಹಾಡಿದವರಿಗೆ ಖರ್ಚು ತಗುಲಿದೆ. ಹಾಡು ಓಡಿತೋ, ಡಿಜೆ ಮಿಕ್ಸ್ ಹೆಸರಿನಲ್ಲಿ ಬೇರೆ ಚಾನೆಲ್‌ಗಳು ಅದನ್ನೇ ಏರಿಸುತ್ತವೆ. ಕಾರ್ಯಕ್ರಮಕ್ಕೆ ಕರೆಯಲೆಂದು ಮೂಲ ವಿಡಿಯೊದಲ್ಲಿ ಹಾಕಿದ್ದ ಫೋನ್ ನಂಬರ್ ಮಾಯವಾಗಿರುತ್ತದೆ. ಜಾತ್ರೆ, ಗಣೇಶೋತ್ಸವಗಳ ಕಾರ್ಯಕ್ರಮದಿಂದಲೇ ಹೊಟ್ಟೆ ಹೊರೆಯುವ ಕಲಾವಿದರಿಗೆ ಆ ನಂಬರ್ ಹೋದರೆ ಮುಂದಿನ ಸುಪಾರಿಯೇ ಹೋದಂತೆ. ‘ಜಾನಪದ ಅಂದಮೇಲೆ ಎಲ್ಲರದೂ’ ಎಂಬ ವಾದ ಇಲ್ಲಿ ಹುರುಳಿಲ್ಲದ್ದು.

ಪರಂಪರೆ ಎಲ್ಲಿ ಮುಗಿದು ಒಬ್ಬರ ಕೃತಿ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಶಿವರಾಮ ಕಾರಂತರು ಯಕ್ಷಗಾನವನ್ನು ಹೊಸದಾಗಿ ಬ್ಯಾಲೆ ರೂಪಕ್ಕೆ ಕಟ್ಟಿದರು. ಅವರ ಉಯಿಲಿನ ಪ್ರಕಾರ ಹಕ್ಕು ಪಡೆದ ಬಿ. ಮಾಲಿನಿ ಮಲ್ಯ ಅವರು, 2001ರಲ್ಲಿ ದೆಹಲಿಯಲ್ಲಿ ಅನುಮತಿಯಿಲ್ಲದೆ ಪ್ರದರ್ಶನ ನಡೆಯಿತೆಂದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ದಾವೆ ಹೂಡಿದರು. 2009ರಲ್ಲಿ ಬಂದ ತೀರ್ಪು ಅವರ ಹಕ್ಕನ್ನು ಎತ್ತಿಹಿಡಿಯಿತು. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಕಾಯ್ದೆಯ ವಿನಾಯಿತಿಯೊಳಗೆ ನಡೆಯುವ ಪ್ರದರ್ಶನಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು. ಯಕ್ಷಗಾನ ಎಲ್ಲರದಾಗಿಯೇ ಉಳಿಯಿತು. ಕಾರಂತರು ಕಟ್ಟಿದ್ದು ಕಾರಂತರದಾಯಿತು. ಬೆಳಗಾವಿಯ ಹಾಡುಗಳಿಗೂ ಇದೇ ಅಳತೆ ಸರಿಹೊಂದುತ್ತದೆ.

ಹೀಗೆಯೇ ಅನುಮತಿಯಿಲ್ಲದೆ ಹರಿದಾಡುವ ಪುಸ್ತಕಗಳ ಪಿಡಿಎಫ್‌ ವಿಷಯದಲ್ಲಿ ಓದುಗರ ಕಷ್ಟವೂ ನಿಜವೇ. ಮರುಮುದ್ರಣ ಕಾಣದ ಕಾದಂಬರಿಗೆ ಅಂಗಡಿ ಅಂಗಡಿ ಅಲೆದು ಸುಸ್ತಾದವರು ಸ್ಕ್ಯಾನ್ ಪ್ರತಿಗೆ ಕೈಚಾಚುತ್ತಾರೆ. ಆದರೂ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ವಾರಸುದಾರರದು. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ 1989ರಲ್ಲಿ ನಿಧನರಾದರು. ಅವರ ಬರಹಗಳಿಗೆ 2049ರ ಕೊನೆಯವರೆಗೂ ರಕ್ಷಣೆಯಿದೆ. ವಿಮರ್ಶೆಗಾಗಿ ಒಂದು ಭಾಗ ಎತ್ತಿಕೊಳ್ಳಲು, ಅಂಧರು ಓದುವಂಥ ರೂಪಕ್ಕೆ ಇಡೀ ಪುಸ್ತಕವನ್ನು ಲಾಭವಿಲ್ಲದೆ ಪರಿವರ್ತಿಸಲು ಕಾನೂನೇ ದಾರಿ ಬಿಟ್ಟಿದೆ. ಇಡೀ ಪುಸ್ತಕವನ್ನು ಊರಿಗೆಲ್ಲ ಹಂಚುವುದು ಆ ಲೆಕ್ಕಕ್ಕೆ ಬಾರದು.

ಕಾಯ್ದೆಯ 57ನೆಯ ಕಲಂ ಹೆಸರಿಗೇ ಪ್ರತ್ಯೇಕ ಕಾವಲು ಕೊಟ್ಟಿದೆ. ಹಕ್ಕನ್ನು ಪೂರ್ತಿ ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳುವ, ಕೃತಿಯನ್ನು ವಿರೂಪಗೊಳಿಸಿ ಮರ್ಯಾದೆಗೆ ಧಕ್ಕೆ ತಂದರೆ ತಡೆಯುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ. ಕದ್ದ ಪ್ರತಿ ಕಂಡರೆ ಜಾಲತಾಣಕ್ಕೆ ಲಿಖಿತ ದೂರು ಕೊಡಬಹುದು. 2013ರ ನಿಯಮದಂತೆ, ದೂರು ಸರಿಯಿದೆ ಎನಿಸಿದರೆ ತಾಣ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ದಾವೆ ಹೂಡಲು ಮುಂಬೈಗೋ ಬೆಂಗಳೂರಿಗೋ ಅಲೆಯಬೇಕಿಲ್ಲ. 62ನೆಯ ಕಲಂ ಹಕ್ಕುದಾರರು ವಾಸಿಸುವ ಜಿಲ್ಲೆಯ ನ್ಯಾಯಾಲಯಕ್ಕೇ ಅಧಿಕಾರ ಕೊಟ್ಟಿದೆ. ಖಾನಾಪುರದ ಛಾಯಾಗ್ರಾಹಕರಿಗೆ ಬೆಳಗಾವಿಯೇ ಸಾಕು. ಒಂದು ಚಿತ್ರದ ಬೆಲೆಗಿಂತ ವಕೀಲರ ಫೀ ಹೆಚ್ಚಾಗುವುದರಿಂದ ಅಲ್ಲಿಯವರೆಗೆ ಹೋಗುವವರು ವಿರಳ. ಬಹಳಷ್ಟು ಮಂದಿ ಪೇಜಿನವರಿಗೆ ಮೆಸೇಜ್ ಹಾಕಿ, ಹೆಸರನ್ನಾದರೂ ಸೇರಿಸಿ ಎಂದು ಕೇಳಿ ಸುಮ್ಮನಾಗುತ್ತಾರೆ.