ಮೇಕೆಗೆ ಏಳು ತಿಂಗಳೋ, ಎಂಬತ್ತು ಪೌಂಡೋ?

ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ಹಗಲು ಚಿಕ್ಕದಾಗ್ತಾ ಬಂದ ಹಾಗೆ ಹಾಲಿನ ಮೇಕೆ ಸಾಕುವವರ ಮಧ್ಯೆ ಒಂದು ಹಳೇ ವಾದ ಶುರುವಾಗುತ್ತೆ: ವಸಂತದಲ್ಲಿ ಹುಟ್ಟಿದ ಹೆಣ್ಣುಮರಿಗಳನ್ನು ಈ ವರ್ಷವೇ ಗಬ್ಬ ಕಟ್ಟಿಸಬೇಕೋ, ಮುಂದಿನ ವರ್ಷದವರೆಗೆ ಕಾಯಬೇಕೋ? ಕೀಬೋರ್ಡ್ ಕುಟ್ಟುವ ನಿನಗ್ಯಾಕಪ್ಪಾ ಮೇಕೆ ಉಸಾಬರಿ ಅಂತೀರಾ? ನನ್ನ ಸಹೋದ್ಯೋಗಿಯೊಬ್ಬರು ಊರಾಚೆ ಒಂದಿಷ್ಟು ನೂಬಿಯನ್ ಮೇಕೆ ಸಾಕಿದ್ದಾರೆ. ಶನಿವಾರ ಬಂದ್ರೆ ಹುಲ್ಲು ಹಾಕೋಕೆ, ಕೊಟ್ಟಿಗೆ ಬಾಚೋಕೆ ನಾನೂ ಹೋಗ್ತೀನಿ. ಮಾರ್ಚ್‌ನಲ್ಲಿ ಒಂದೇ ತಾಯಿಗೆ ಹುಟ್ಟಿದ ಎರಡು ಹೆಣ್ಣುಮರಿಗಳಿವೆ ಅಲ್ಲಿ. ಒಂದು 86 ಪೌಂಡ್, ಇನ್ನೊಂದು 68. ಅವರಿಗೂ ಇದೇ ಮೊದಲ ಸಲ, ಹಾಗಾಗಿ ಮನೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ!

ನಮ್ಮೂರ ಕಡೆ ಈ ಪ್ರಶ್ನೆ ಇಷ್ಟು ಬಿಗಿಯಾಗಿ ಬರೋದಿಲ್ಲ. ಹಿಂಡಿನ ಜೊತೆಗೇ ಹೋತ ಇರುತ್ತೆ, ಬೆದೆಯೂ ವರ್ಷದಲ್ಲಿ ಯಾವಾಗ ಬೇಕಾದ್ರೂ ಬರಬಹುದು. ಇಲ್ಲಿಯ ಹಾಲಿನ ತಳಿಗಳು ಹಾಗಲ್ಲ. ಹಗಲು ಕಡಿಮೆಯಾದ ಮೇಲೇ ಬೆದೆ, ಅದೂ ಸುಮಾರು 21 ದಿನಕ್ಕೊಮ್ಮೆ, ಒಂದೆರಡು ದಿನ ಅಷ್ಟೇ. ಗಬ್ಬ ನಿಂತ ಮೇಲೆ ಸುಮಾರು 150 ದಿನ. ಅಕ್ಟೋಬರ್ ಮಧ್ಯದಲ್ಲಿ ಕಟ್ಟಿಸಿದರೆ ಮಾರ್ಚ್ ಮಧ್ಯಕ್ಕೆ ಮರಿ, ಹಾಲು. ಈ ಸೀಸನ್ ತಪ್ಪಿದರೆ ಒಂದಿಡೀ ವರ್ಷ ಹಾಲಿಲ್ಲದೆ ಮೇವು ಹಾಕಬೇಕು.

"ಏಳೆಂಟು ತಿಂಗಳಿಗೇ ಕಟ್ಟಿಸಿ" ಅನ್ನೋರ ವಾದದಲ್ಲಿ ಹುರುಳಿದೆ. ಕೆಲಸವಿಲ್ಲದೆ ತಿಂದುಕೊಂಡಿರೋ ಮೇಕೆ ಕೊಬ್ಬುತ್ತೆ. ಕೊಬ್ಬಿದ ಮೇಕೆಗೆ ಮುಂದೆ ಗಬ್ಬ ನಿಲ್ಲೋದೂ ಕಷ್ಟ, ಈಯೋದೂ ಕಷ್ಟ. "ಕಾಯಿರಿ" ಅನ್ನೋರದ್ದೂ ಸುಳ್ಳಲ್ಲ. ಹೊಟ್ಟೆಯ ಮರಿ ಬಹುಪಾಲು ಬೆಳೆಯೋದು ಕೊನೆಯ ಎರಡು ತಿಂಗಳಲ್ಲಿ. ಅದೇ ಹೊತ್ತಿಗೆ ತಾಯಿಯ ಮೂಳೆಯೂ ಬೆಳೀತಾ ಇದ್ರೆ ಒಂದೇ ತುತ್ತಿಗೆ ಇಬ್ಬರ ಪೈಪೋಟಿ. ಸೊಂಟ ಸಣ್ಣದಿದ್ದು ಮರಿ ಅಡ್ಡ ಸಿಕ್ಕಿಕೊಂಡರೆ ಎರಡೂ ಜೀವ ಹೋಗಬಹುದು.

ನನ್ನ ಪ್ರಕಾರ ಎರಡೂ ಪಕ್ಷ ತಪ್ಪು ಅಳತೆಗೋಲು ಹಿಡಿದಿವೆ. ನೋಡಬೇಕಾದ್ದು ಕ್ಯಾಲೆಂಡರ್ ಅಲ್ಲ, ತಕ್ಕಡಿ. ಬೆದೆಗೆ ಬಂತು ಅಂದ ಮಾತ್ರಕ್ಕೆ ಮೈ ತಯಾರಾಯ್ತು ಅಂತಲ್ಲ. ಮೈನೆರೆದ ಹುಡುಗಿಗೆ ಅವಸರದಲ್ಲಿ ಮದುವೆ ಮಾಡಿ ಚೊಚ್ಚಲ ಹೆರಿಗೆಯಲ್ಲೇ ಕಳಕೊಂಡ ಮನೆಗಳು ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಕಡಿಮೆಯೇನೂ ಇರಲಿಲ್ಲವಲ್ಲ. ಬಲಿತ ಮೇಕೆಯ ತೂಕದ ಶೇ. 60ರಿಂದ 70 ಬಂದಿರಬೇಕು ಅನ್ನೋದು ಪಶುವೈದ್ಯರು ಹೇಳುವ ಲೆಕ್ಕ. ನೂಬಿಯನ್ ಹೆಣ್ಣಿಗೆ ಅಮೆರಿಕನ್ ಡೈರಿ ಗೋಟ್ ಅಸೋಸಿಯೇಷನ್ ಹಾಕಿರುವ ಕನಿಷ್ಠ ತೂಕ 135 ಪೌಂಡ್. ಅದರ ಶೇ. 60 ಅಂದ್ರೆ 81. ಎಲ್ಲರ ಬಾಯಲ್ಲೂ ಇರುವ "80 ಪೌಂಡ್" ಅನ್ನೋ ಮಾತಿಗೆ ಇದು ಹೊಂದುತ್ತೆ. ನೈಜೀರಿಯನ್ ಡ್ವಾರ್ಫ್‌ನಂಥ ಗಿಡ್ಡ ತಳಿಗೆ ಮಾತ್ರ ಈ ಅಂಕಿ ಹಚ್ಚಬೇಡಿ, ಅದು ಪೂರ್ತಿ ಬೆಳೆದರೂ ಎಷ್ಟೋ ಸಲ ಅಷ್ಟು ತೂಗೋದಿಲ್ಲ!

ತಕ್ಕಡಿ ಇಲ್ವಾ? ದರ್ಜಿಯ ಟೇಪ್ ಸಾಕು. ಮುಂಗಾಲ ಹಿಂದಿನ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 300ರಿಂದ ಭಾಗಿಸಿ. ಬಂದದ್ದು ಅಂದಾಜು ಪೌಂಡ್.

ಇನ್ನೊಂದು ವಿಷಯ. ಇದು "ಈಗಲೋ ಮುಂದಿನ ವರ್ಷವೋ" ಅನ್ನೋ ಪ್ರಶ್ನೆಯೇ ಅಲ್ಲ. ಬೆದೆಯ ಸೀಸನ್ ಸುಮಾರು ಜನವರಿಯವರೆಗೂ ಇರುತ್ತೆ, ಅಂದ್ರೆ ಮೂರು ವಾರಕ್ಕೊಂದು ಅವಕಾಶ. 86 ಪೌಂಡಿನದು ಮೈಕೈ ತುಂಬಿಕೊಂಡಿದೆ, ಅಕ್ಟೋಬರ್‌ನಲ್ಲೇ ಕಟ್ಟಿಸಲಿ. 68ರದ್ದನ್ನು ಪ್ರತಿ ಬೆದೆಗೂ ತೂಗಲಿ, ಡಿಸೆಂಬರ್‌ಗೆ 80 ಮುಟ್ಟಿದರೆ ಆಗ ಕಟ್ಟಿಸಲಿ. ಮರಿ ಮೇ ತಿಂಗಳಿಗೆ ಬರುತ್ತೆ, ನೊಣ-ಜಂತುಹುಳುಗಳ ಕಾಟ ಸ್ವಲ್ಪ ಹೆಚ್ಚು, ಅಷ್ಟೇ. ಮುಟ್ಟದಿದ್ದರೆ ಈ ವರ್ಷ ಬಿಟ್ಟುಬಿಡಲಿ. ಆದರೆ ಪಾಪ ಅಂತ ದಿನಾ ಕಾಳು ಸುರಿಯೋದು ಬೇಡ, ಒಳ್ಳೇ ಹುಲ್ಲು ಸಾಕು.

ಹೋತನ ಆಯ್ಕೆಯಲ್ಲೂ ಎಚ್ಚರ ಬೇಕು. ಚೊಚ್ಚಲಿಗೆ ಬೋಯರ್‌ನಂಥ ದಪ್ಪ ಮಾಂಸದ ತಳಿ ಬೇಡ. ಒಡಹುಟ್ಟಿದ ಗಂಡುಮರಿಗಳನ್ನಂತೂ ಮೂರು ತಿಂಗಳೊಳಗೇ ಬೇರೆ ಕಟ್ಟಬೇಕು, ಇಲ್ಲದಿದ್ರೆ ಈ ನಿರ್ಧಾರ ನಮ್ಮ ಕೈಯಲ್ಲೇ ಇರೋಲ್ಲ.

ಹಾಲು ಬೇಕಾಗಿರೋದು ನಮಗೆ, ಹೊರೋದು, ಈಯೋದು ಅದು. "ಇನ್ನೂ ಸ್ವಲ್ಪ ತಡಿ" ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ, ಅದರ ಪರವಾಗಿ ತಕ್ಕಡಿಯಾದರೂ ಮಾತಾಡಲಿ ಅನ್ನೋದು ನನ್ನ ಅನಿಸಿಕೆ. ಊರಲ್ಲಿ ಆಡು-ಮೇಕೆ ಸಾಕಿ ಬೆಳೆದವರು ನೀವೇನಂತೀರಿ?