ಗಿಡ ಮಾರುವ ಮೊದಲು ಒಂದು ಒಳ್ಳೆಯ ಉತ್ತರ ಕೊಡಿ

ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕೃಷಿ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಜೋರಾಗುತ್ತದೆ. ಒಂದು, "ಕೊಳೆಗೆ ಮದ್ದು ಬಿಟ್ಟಾಗಿದೆ, ಆದರೂ ಕಾಯಿ ಉದುರ್ತಾ ಇದೆ, ಏನು ಮಾಡುವುದು?" ಇನ್ನೊಂದು, "ಉತ್ತಮ ತಳಿಯ ಅಡಿಕೆ, ಕಾಳುಮೆಣಸು ಗಿಡಗಳು ಲಭ್ಯ, ಕೂಡಲೇ ಸಂಪರ್ಕಿಸಿ." ಕೇಳಿದವನಿಗೆ ನಾಲ್ಕು ಕೈಮುಗಿಯುವ ಚಿತ್ರ ಬರುತ್ತದೆ, ಮೇಲಿಂದ ಮೂರು ಗಿಡದ ಪೋಸ್ಟರ್ ಬಂದು ಅವನ ಪ್ರಶ್ನೆ ಮೇಲೆ ಹೋಗಿ ಮರೆಯಾಗುತ್ತದೆ. ಪೋಸ್ಟರ್ ಹಾಕಿದವನಿಗೂ ಫೋನ್ ಬರುವುದಿಲ್ಲ. ಮರುದಿನ ಅದನ್ನೇ ಮತ್ತೆ ಹಾಕುತ್ತಾನೆ.

ನಾನೂ ಮೆಣಸಿನ ಗಿಡ ಮಾರುವವನೇ, ಆದ್ದರಿಂದ ಮಾರಾಟ ಮಾಡಬಾರದು ಅಂತ ಹೇಳುವುದಿಲ್ಲ. ಬೆಳೆದವನು ತಾನೇ ಮಾರಿದರೆ ನಾಲ್ಕು ಕಾಸು ಉಳಿಯುತ್ತದೆ. ಆದರೆ ನಾವು ಮಾರುವ ವಸ್ತು ಎಂಥದ್ದು ಅಂತ ಒಮ್ಮೆ ಯೋಚಿಸಿ ನೋಡಿ. ಅಡಿಕೆ ಗಿಡ ನೆಟ್ಟವನಿಗೆ ಫಸಲು ಕಾಣಲಿಕ್ಕೆ ಐದಾರು ವರ್ಷ ಬೇಕು. ಮೆಣಸಿನ ಬಳ್ಳಿಗೆ ಮೂರು ವರ್ಷ. ಜೇನು ಶುದ್ಧವೋ ಬೆಲ್ಲದ ಪಾಕವೋ ಕಣ್ಣಲ್ಲಿ ನೋಡಿ ಹೇಳುವ ಹಾಗಿಲ್ಲ. ಅಂದರೆ ಕೊಳ್ಳುವವನು ಇವತ್ತು ಗಿಡವನ್ನು ಪರೀಕ್ಷೆ ಮಾಡಲಾರ. ಕೊಡುವ ಮನುಷ್ಯನನ್ನು ನಂಬಿ ತಗೊಳ್ತಾನೆ. ಆ ನಂಬಿಕೆ ಪೋಸ್ಟರಿನಲ್ಲಿ ಬರುವುದಿಲ್ಲ, ಎಷ್ಟು ಬಣ್ಣದ ಅಕ್ಷರ ಹಾಕಿದರೂ ಬರುವುದಿಲ್ಲ. ಇನ್ನೊಬ್ಬನ ಕಷ್ಟಕ್ಕೆ ನೀವು ಯೋಚನೆ ಮಾಡಿ ಕೊಡುವ ಉತ್ತರದಲ್ಲಿ ಬರುತ್ತದೆ.

ಕೊಳೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. "ಬೋರ್ಡೋ ಸರಿಯಾಗಿ ಬಿಡಿ ಸರ್" ಅಂದರೆ ಅದು ಉತ್ತರ ಅಲ್ಲ. ಹೀಗೆ ಕೇಳಿದರೆ ಹೇಗೆ? ಮೊದಲ ಸಲ ಬಿಟ್ಟದ್ದು ಮಳೆ ಹಿಡಿಯುವ ಮೊದಲೋ, ಹಿಡಿದ ಮೇಲೋ? ಎರಡನೆಯದ್ದಕ್ಕೆ 40-45 ದಿನ ದಾಟಿತೋ? ಸುಣ್ಣ ಹೊಸತೋ, ಕಳೆದ ವರ್ಷ ಉಳಿದದ್ದೋ? ಗಾಳಿ ತಾಗಿದ ಸುಣ್ಣಕ್ಕೆ ಶಕ್ತಿ ಇರುವುದಿಲ್ಲ. ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಕೆಂಪು ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಮಾಡಿದ ದಿನವೇ ಬಿಟ್ಟು ಮುಗಿಸಬೇಕು. ಇಷ್ಟು ಬರೆಯಲಿಕ್ಕೆ ಹತ್ತು ನಿಮಿಷ ಸಾಕು. ಕೇಳಿದವನೊಬ್ಬ ಮಾತ್ರ ಅಲ್ಲ, ಸುಮ್ಮನೆ ಓದುತ್ತಾ ಇರುವ ಇನ್ನೂರು ಜನವೂ "ಇವನಿಗೆ ತೋಟದ ಕೆಲಸ ಗೊತ್ತುಂಟು" ಅಂತ ತಿಳಿದುಕೊಳ್ಳುತ್ತಾರೆ. ನಿಮ್ಮ ಹತ್ತಿರ ಗಿಡ ಉಂಟು ಅಂತ ನೀವು ಹೇಳುವುದೇ ಬೇಡ, ಅವರೇ ಕೇಳಿಕೊಂಡು ಬರುತ್ತಾರೆ.

ಇದು ಮೊಬೈಲು ಬಂದ ಮೇಲೆ ಹುಟ್ಟಿದ ಉಪಾಯ ಏನಲ್ಲ. ಪುತ್ತೂರಿನ ಅಡಿಕೆ ಪತ್ರಿಕೆ 1988ರಲ್ಲಿ ಶುರುವಾಯಿತು. "ಕೃಷಿಕರ ಕೈಗೆ ಲೇಖನಿ" ಅಂತ ಹೇಳಿ ರೈತರಿಂದಲೇ ಬರೆಸಿದರು. ಲೇಖನದ ಜೊತೆ ರೈತನ ವಿಳಾಸ, ಫೋನ್ ನಂಬರ್ ಇರುತ್ತಿತ್ತು. ಓದಿದವರು ನೇರ ಫೋನ್ ಮಾಡಿ ಮಾತಾಡುವುದು, ತೋಟ ನೋಡಲಿಕ್ಕೆ ಬರುವುದು, ಬೀಜ, ಗಿಡ, ಯಂತ್ರದ ಸಂಗತಿ ವಿಚಾರಿಸುವುದು, ಎಲ್ಲ ಅಲ್ಲಿಂದಲೇ. ಜಾಹೀರಾತಿಗೆ ಅಲ್ಲ, ಅನುಭವಕ್ಕೆ ಬಂದ ಫೋನು ಅವು.

ಹತ್ತಿರದ ಇನ್ನೊಂದು ಉದಾಹರಣೆ ಬಾಕಾಹು, ಅಂದರೆ ಬಾಳೆಕಾಯಿ ಹುಡಿ. 2021ರಲ್ಲಿ ಕೊರೊನಾದ ಹೊತ್ತಿಗೆ ಬಾಳೆಗೆ ಕ್ರಯ ಬಿದ್ದಾಗ ಅದೇ ಅಡಿಕೆ ಪತ್ರಿಕೆಯ ಶ್ರೀ ಪಡ್ರೆಯವರು ಮತ್ತು ಸಂಗಡಿಗರು ಇದನ್ನು ಹಬ್ಬಿಸಿದ್ದು ಮುಖ್ಯವಾಗಿ ವಾಟ್ಸಾಪ್ ಗುಂಪಿನ ಮೂಲಕ. ಹುಡಿ ಮಾಡಿದವರು ಹೇಗೆ ಒಣಗಿಸಿದ್ದು, ಅದರಲ್ಲಿ ಏನು ತಿಂಡಿ ಮಾಡಿದ್ದು ಅಂತ ಫೋಟೊ ಸಮೇತ ಹಾಕಿದರು. ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು ಮಾಡಿದರು. ಹಲವು ಮನೆಗಳಲ್ಲಿ ಅದು ಮಾರುವ ಸರಕೂ ಆಯಿತು. ಮೊದಲೇ "ಹುಡಿ ಲಭ್ಯ" ಅಂತ ಪೋಸ್ಟರ್ ಮಾತ್ರ ಹಾಕಿದ್ದರೆ, ಅದೆಂತ ವಸ್ತು ಅಂತಲೇ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾದರೆ ಉತ್ತರ ಹೇಗಿರಬೇಕು? ನನ್ನ ಅಭಿಪ್ರಾಯ ಇಷ್ಟು. ಪ್ರಶ್ನೆ ಪೂರ್ತಿ ಓದಿ, ಮೊದಲಿನವರು ಹೇಳಿದ್ದನ್ನೂ ಓದಿ, ಅದನ್ನೇ ತಿರುಗಿ ಹೇಳಬೇಡಿ. ಮಣ್ಣು, ಇಳಿಜಾರು, ಮರದ ಪ್ರಾಯ ಗೊತ್ತಿಲ್ಲದಿದ್ದರೆ ತಿರುಗಿ ಕೇಳಿ. ನೀವು ಮಾಡಿದ್ದನ್ನು ಅಳತೆ ಸಮೇತ ಹೇಳಿ, ಕೇಳಿ ತಿಳಿದದ್ದಾದರೆ ಕೇಳಿದ್ದು ಅಂತಲೇ ಹೇಳಿ. ಕೊನೆಗೆ ಹೆಸರು, ಊರು ಸಾಕು, ಗಿಡದ ಕ್ರಯ ಅಲ್ಲಿ ಬೇಡ. ಕೇಳಿದ್ದು ನೀವು ಮಾರುವ ವಸ್ತುವಿನ ಬಗ್ಗೆಯೇ ಆದರೆ "ನಾನು ಇದನ್ನು ಮಾರುವವನು, ಅದನ್ನು ಲೆಕ್ಕಕ್ಕೆ ಹಿಡಿದು ಓದಿ" ಅಂತ ಮೊದಲೇ ಹೇಳಿಬಿಡಿ. ಒಂದು ತಿಂಗಳು ಕಳೆದ ಮೇಲೆ "ಈಗ ಹೇಗುಂಟು?" ಅಂತ ಒಂದು ಮಾತು ಕೇಳಿ. ಸಂಬಂಧ ಬೆಳೆಯುವುದು ಈ ಎರಡನೇ ಮಾತಿನಲ್ಲಿ.

ಉತ್ತರದ ವೇಷದಲ್ಲಿ ಡಬ್ಬ ಮಾರುವವರೂ ಇದ್ದಾರೆ. ಎಲೆಚುಕ್ಕಿಗೂ ಅದೇ ಡಬ್ಬ, ಬೇರುಹುಳಕ್ಕೂ ಅದೇ, ಹಳದಿ ಎಲೆಗೂ ಅದೇ. ಹಳದಿ ಎಲೆ ರೋಗ ಬಂದ ಮರವನ್ನು ಗುಣ ಮಾಡುವ ಮದ್ದು ಇಲ್ಲ ಅಂತ ಸುಳ್ಯ, ಕೊಪ್ಪ, ಶೃಂಗೇರಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ತೋಟ ಹೋಗುತ್ತಾ ಇರುವವನ ಹೆದರಿಕೆಯಲ್ಲಿ ವ್ಯಾಪಾರ ಮಾಡುವುದು ಅನ್ಯಾಯ. ಅಂಥ ಕಡೆ "ಇದಕ್ಕೆ ನನ್ನಲ್ಲಿ ಮದ್ದಿಲ್ಲ, ವಿಟ್ಲದ ಸಿಪಿಸಿಆರ್‌ಐಯಲ್ಲಿ ಒಮ್ಮೆ ಕೇಳಿ" ಅಂತ ಹೇಳುವವನಿದ್ದರೆ ನಾನು ಮುಂದಿನ ವರ್ಷ ಗಿಡ ತರುವುದು ಅವನ ಹತ್ತಿರದಿಂದಲೇ.

"ಪುಕ್ಕಟೆ ಹೇಳಿದ್ದಕ್ಕೆ ಬೆಲೆ ಇಲ್ಲ ಮಾರಾಯ್ರೆ, ಉತ್ತರ ನನ್ನ ಹತ್ತಿರ ಕೇಳ್ತಾರೆ, ಗಿಡ ಎರಡು ರೂಪಾಯಿ ಕಡಿಮೆಗೆ ಸಿಗುವಲ್ಲಿಂದ ತರ್ತಾರೆ" ಅಂತ ಹೇಳುವವರಿದ್ದಾರೆ. ಸುಳ್ಳಲ್ಲ, ಹಾಗೆ ಮಾಡುವವರು ಇದ್ದೇ ಇರುತ್ತಾರೆ. ಆದರೆ ಅವರು ಪೋಸ್ಟರ್ ನೋಡಿಯೂ ನಿಮ್ಮಲ್ಲಿಗೆ ಬರುತ್ತಿರಲಿಲ್ಲ. ಅವರನ್ನು ಲೆಕ್ಕಕ್ಕೆ ಹಿಡಿದು ಉಳಿದವರಿಗೂ ಬಾಯಿ ಮುಚ್ಚಿ ಕೂತರೆ, ಇನ್ನೊಂದು ನಷ್ಟ ಉಂಟು. ಗೊತ್ತಿರುವ ಹಿರಿಯರು ಪೋಸ್ಟರಿನ ಕಾಟ ತಡೆಯಲಾರದೆ ಒಬ್ಬೊಬ್ಬರೇ ಗುಂಪು ಬಿಟ್ಟು ಹೋಗುತ್ತಿದ್ದಾರೆ. ಅವರು ಹೋದ ಮೇಲೆ ಉಳಿಯುವುದು ಮಾರುವವರು ಮಾತ್ರ. ಮಾರುವವರಿಗೆ ಮಾರುವವರೇ ಗಿರಾಕಿ ಆಗಲಿಕ್ಕುಂಟೇ?

ಈ ಮಳೆಗಾಲಕ್ಕೆ ನನ್ನದೊಂದು ಕೋರಿಕೆ. ನಿಮ್ಮ ಗಿಡದ ಪೋಸ್ಟರ್ ವಾರಕ್ಕೆ ಒಂದೇ ಸಲ ಹಾಕಿ, ಅದಕ್ಕೊಂದು ದಿನ ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು. ಉಳಿದ ಆರು ದಿನದಲ್ಲಿ, ಯಾರೂ ಉತ್ತರಿಸದೆ ಬಿಟ್ಟ ಎರಡು ಪ್ರಶ್ನೆ ಹುಡುಕಿ ತೆಗೆದು, ನಿಮಗೆ ಗೊತ್ತಿರುವಷ್ಟನ್ನು ಅಳತೆ ಸಮೇತ ಬರೆಯಿರಿ. ದೀಪಾವಳಿ ಹೊತ್ತಿಗೆ ಫೋನ್ ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಹಾಕಿ ನೋಡಿ, ಇಲ್ಲಿ ತಿಳಿಸಿ.