ಮಳೆಯ ಲೆಕ್ಕಕ್ಕೆ ಗಣಿತ ಬೇಡವೇ?

2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲ್‌ಗೆ ಎ.ಐ. ಆಧಾರಿತ ಮುನ್ಸೂಚನೆ ಕಳುಹಿಸಿತು. ಸುದ್ದಿ ಓದಿದ ಗೆಳೆಯರು ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿರುವ ನನ್ನನ್ನು ಕೇಳಿದ್ದು ಒಂದೇ: ‘ಮಳೇನೂ ಎ.ಐ. ಹೇಳುತ್ತೆ ಅಂದ್ಮೇಲೆ ನಿನ್ನ ಡಿಫರೆನ್ಷಿಯಲ್ ಈಕ್ವೇಷನ್ ಕಟ್ಕೊಂಡು ಏನ್ ಮಾಡ್ತೀಯ?’ ಕೆಲಸ ಹುಡುಕಲು ಹೊರಟವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ.

ಆದರೆ ಸುದ್ದಿಯ ಒಳಹೊಕ್ಕು ನೋಡಿದರೆ ಚಿತ್ರ ಬೇರೆಯೇ ಇದೆ. ಆ ಮುನ್ಸೂಚನೆಗೆ ಬಳಸಿದ ಮಾದರಿಗಳಲ್ಲಿ ಒಂದು ಗೂಗಲ್‌ನ ನ್ಯೂರಲ್‌ಜಿಸಿಎಂ. ಗಾಳಿಯ ದೊಡ್ಡ ಚಲನೆಯನ್ನು ಅದು ಹರಿವಿನ ಹಳೆಯ ಸಮೀಕರಣಗಳನ್ನು ಬಿಡಿಸಿಯೇ ತಿಳಿಯುತ್ತದೆ. ಮೋಡದಂಥ ಸೂಕ್ಷ್ಮಗಳನ್ನು ಮಾತ್ರ ಎ.ಐ.ಗೆ ಬಿಡುತ್ತದೆ. ಇನ್ನೊಂದು ಮಾದರಿ ಯುರೋಪಿನ ಎಐಎಫ್‌ಎಸ್. ಅದು ಕಲಿತ ಮುಖ್ಯ ದತ್ತಾಂಶವನ್ನು ಸಿದ್ಧಪಡಿಸಿದ್ದು, ವೀಕ್ಷಣೆಗಳನ್ನು ಸಮೀಕರಣಗಳ ಜತೆ ಬೆಸೆಯುವ ಮಾದರಿಯೇ.

ಈ ಸಮೀಕರಣಗಳು ಕಷ್ಟವಾಗಲು ಒಂದು ಕಾರಣ, ಭೂಮಿ ದುಂಡಗಿರುವುದು. ಗ್ರಾಫ್ ಹಾಳೆಯಂತೆ ಅಕ್ಷಾಂಶ–ರೇಖಾಂಶಗಳ ಚೌಕ ಹಾಕಿದರೆ ಧ್ರುವಗಳ ಬಳಿ ಬಿಂದುಗಳು ಇಕ್ಕಟ್ಟಾಗುತ್ತವೆ. ಬಿಂದುಗಳು ಹತ್ತಿರವಾದಷ್ಟೂ ಲೆಕ್ಕದ ಕಾಲದ ಹೆಜ್ಜೆಯೂ ಚಿಕ್ಕದಾಗಬೇಕು. ಯಾರೂ ಬಿತ್ತದ ಧ್ರುವಕ್ಕಾಗಿ ಸೂಪರ್‌ಕಂಪ್ಯೂಟರ್ ಬೆವರು ಹರಿಸಬೇಕು! ಪುಣೆಯ ಐಐಟಿಎಂ ರೂಪಿಸಿ, 2025ರ ಮೇ 26ರಂದು ಲೋಕಾರ್ಪಣೆಯಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಬಳಸುವುದು 8 ತ್ರಿಕೋನ ಮುಖಗಳ ಆಕೃತಿಯಿಂದ ಪಡೆದ ಜಾಲ. ಅದರಲ್ಲಿ ಧ್ರುವದತ್ತ ಸಾಗಿದಂತೆ ಪ್ರತಿ ಅಕ್ಷಾಂಶದ ಬಿಂದುಗಳು ಕಡಿಮೆಯಾಗುತ್ತವೆ. ಹಿಂದೆ 12 ಕಿ.ಮೀ. ಇದ್ದ ಅಂತರ ಈಗ 6 ಕಿ.ಮೀ.ಗೆ ಇಳಿದಿದೆ. ಅಂದರೆ ಒಂದು ಚೌಕವಿದ್ದಲ್ಲಿ ನಾಲ್ಕು. ಗೂಗಲ್‌ನ ಗ್ರಾಫ್‌ಕಾಸ್ಟ್ ಎಂಬ ಎ.ಐ. ಮಾದರಿಯೂ 20 ಮುಖಗಳ ಆಕೃತಿಯನ್ನು ಮತ್ತೆ ಮತ್ತೆ ಸೀಳಿಯೇ ಭೂಗೋಳವನ್ನು ಹೊದಿಸುತ್ತದೆ. ಎ.ಐ.ಗೂ ಜ್ಯಾಮಿತಿ ತಪ್ಪಿದ್ದಲ್ಲ.

ಬಾಗಿದ ಮೇಲ್ಮೈಯ ಇಂಥ ಗಣಿತ ಹವಾಮಾನಕ್ಕಷ್ಟೇ ಸೀಮಿತವಲ್ಲ. ತೀರಾ ನಿಧಾನ ಹರಿವಿನ ಸ್ಟೋಕ್ಸ್ ಸಮೀಕರಣ ಲೀನಿಯರ್. ಅಲ್ಲಿ ದ್ರವದ ಒಳಗೆಲ್ಲ ಬಿಂದು ಇಡಬೇಕಿಲ್ಲ; ಅಂಚಿನ ಮೇಲಷ್ಟೇ ಲೆಕ್ಕ ಹಾಕಿ ಒಳಗಿನ ವೇಗ ತಿಳಿಯಬಹುದು. ಇದೇ ಬೌಂಡರಿ ಇಂಟೆಗ್ರಲ್ ವಿಧಾನ. 20 ಕೋಟಿ ಕೆಂಪು ರಕ್ತಕಣಗಳ ಹರಿವನ್ನು ಹೀಗೆ ಕಂಪ್ಯೂಟರ್‌ನಲ್ಲಿ ಮೂಡಿಸಿದ ತಂಡಕ್ಕೆ 2010ರಲ್ಲಿ ಗಾರ್ಡನ್ ಬೆಲ್ ಪ್ರಶಸ್ತಿ ಸಿಕ್ಕಿತು. ಗಾಳಿಯ ಸಮೀಕರಣ ಲೀನಿಯರ್ ಅಲ್ಲದ್ದರಿಂದ ಈ ದಾರಿ ಅಲ್ಲಿ ನೇರವಾಗಿ ನಡೆಯದು. ಯಾವ ಹರಿವಿಗೆ ಯಾವ ವಿಧಾನ ಎಂದು ತೂಗಿ ನೋಡುವ ಈ ವಿವೇಚನೆಗೇ ಬೆಲೆ.

ಕರ್ನಾಟಕಕ್ಕೆ ಇದು ಹೊಸತೇನಲ್ಲ. ಬೆಂಗಳೂರಿನ ಎನ್‌ಎಎಲ್ 1986ರಲ್ಲೇ ಹರಿವಿನ ಸಮೀಕರಣ ಬಿಡಿಸಲೆಂದು ‘ಫ್ಲೋಸಾಲ್ವರ್’ ಎಂಬ ಪ್ಯಾರಲಲ್ ಕಂಪ್ಯೂಟರ್ ಕಟ್ಟಿತ್ತು. ಆದರೆ ನಾನು ಕಂಡ ತರಗತಿಗಳಲ್ಲಿ ಇದೇ ಸಮೀಕರಣಗಳು 10 ಅಂಕದ ಡೆರಿವೇಷನ್ ಆಗಿ ಮುಗಿದುಹೋಗುತ್ತವೆ. ಬಾಯಿಪಾಠ ಮಾಡಿದ ಡೆರಿವೇಷನ್‌ಗೆ ಉದ್ಯೋಗ ಸಿಗದು; ಗಣಿತ ಗೊತ್ತಿಲ್ಲದ ಕೋಡಿಂಗ್‌ಗೂ ಭವಿಷ್ಯ ಕಡಿಮೆ. ಪೈಥಾನ್ ಉಚಿತ, ಹವಾಮಾನದ ದತ್ತಾಂಶವೂ ಸಾಕಷ್ಟು ಉಚಿತವಾಗಿಯೇ ಸಿಗುತ್ತದೆ. ಪಠ್ಯಕ್ರಮ ಬದಲಾಗಲಿ ಎಂದು ಒತ್ತಾಯಿಸೋಣ. ಅದು ಬದಲಾಗುವವರೆಗೆ ಕಾಯದೆ, ಈ ಸೆಮಿಸ್ಟರ್‌ನಲ್ಲೇ ಒಂದು ಸಮೀಕರಣವನ್ನಾದರೂ ಕಂಪ್ಯೂಟರ್‌ನಲ್ಲಿ ಬಿಡಿಸಿ ನೋಡೋಣ.